ಕ್ರಿಸ್‌ಮಸ್‌ನಲ್ಲಿ ಭಕ್ತಿ ಉಳಿದಿದೆಯೇ? ಹುಬ್ಬಳ್ಳಿ-ಧಾರವಾಡದಲ್ಲಿ ಖುದ್ದಾಗಿ ನೋಡಿ ತಿಳಿಯುವ ಕ್ರಮ

ಡಿಸೆಂಬರ್ ಬಂತೆಂದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಒಮ್ಮೊಮ್ಮೆ ಕ್ರೈಸ್ತ ಸಭೆಗಳ ಹಿರಿಯರ ಬಾಯಲ್ಲಿಯೂ ಒಂದು ಪ್ರಶ್ನೆ ಕೇಳಿಬರುತ್ತದೆ: ಕ್ರಿಸ್‌ಮಸ್ ಇಂದಿಗೂ ಧಾರ್ಮಿಕ ಹಬ್ಬವಾಗಿ ಉಳಿದಿದೆಯೇ, ಅಥವಾ ಕೇಕು, ಬಣ್ಣದ ದೀಪ ಮತ್ತು ರಿಯಾಯಿತಿ ಮಾರಾಟದ ಹಂಗಾಮಾಗಿಬಿಟ್ಟಿದೆಯೇ? ಉತ್ತರ ಹೇಳುವವರಲ್ಲಿ ಬಹಳಷ್ಟು ಮಂದಿ ಹುಬ್ಬಳ್ಳಿಯ ಯಾವುದಾದರೊಂದು ಮಾಲ್‌ನ ಬಾಗಿಲಲ್ಲಿ ನಿಲ್ಲಿಸಿದ ಪ್ಲಾಸ್ಟಿಕ್ ಮರವನ್ನು ನೋಡಿ ತೀರ್ಪು ಕೊಟ್ಟಿರುತ್ತಾರೆ. ಅದರಿಂದ ಒಂದೂವರೆ ಮೈಲಿ ದೂರದ ಚರ್ಚಿನ, ಇಲ್ಲಿಯ ಕ್ರೈಸ್ತರ ಮಾತಿನಲ್ಲಿ ಹೇಳುವುದಾದರೆ ದೇವಾಲಯದ, ಒಳಗೆ ಕಾಲಿಟ್ಟವರು ಅವರಲ್ಲಿ ಕಡಿಮೆ. ಈ ಬರಹವು ಅವಳಿ ನಗರದಲ್ಲಿಯೋ ಗದಗ, ಹಾವೇರಿ ಜಿಲ್ಲೆಗಳಲ್ಲಿಯೋ ವಾಸಿಸುವ, ಕ್ರೈಸ್ತರಲ್ಲದ, ಆದರೆ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಬೇಕೆನ್ನುವ ಓದುಗರಿಗಾಗಿ. ಕ್ರೈಸ್ತರೇ ಓದಿದರೂ ಅಡ್ಡಿಯಿಲ್ಲ. ತಮ್ಮ ಮನೆಯ ಹಬ್ಬವನ್ನು ಹೊರಗಿನವರ ಕಣ್ಣಿನಿಂದ ನೋಡುವುದು ಅವರಿಗೂ ಉಪಯೋಗಕ್ಕೆ ಬಂದೀತು.

ಮೊದಲಿಗೆ ಅಳತೆಗೋಲನ್ನು ಗೊತ್ತುಮಾಡಿಕೊಳ್ಳಬೇಕು. ಹಬ್ಬದ ಧಾರ್ಮಿಕ ಅರ್ಥವನ್ನು ಅಲಂಕಾರದಿಂದ ಅಳೆಯಲಾಗದು, ‘ನಿಮಗೆ ನಂಬಿಕೆಯಿದೆಯೇ’ ಎಂದು ಕೇಳಿ ಪಡೆದ ಬಾಯಿಮಾತಿನಿಂದಲೂ ಅಳೆಯಲಾಗದು. ಕೈಯಲ್ಲಿ ದುಡ್ಡು ಸಾಲದಿರುವಾಗ, ಸಮಯ ಸಾಲದಿರುವಾಗ, ನೋಡುವವರು ಯಾರೂ ಇಲ್ಲದಿರುವಾಗ ಒಂದು ಕುಟುಂಬ ಹಬ್ಬದ ಯಾವ ಭಾಗವನ್ನು ಕೈಬಿಡುತ್ತದೆ, ಯಾವ ಭಾಗವನ್ನು ಏನೇ ಆದರೂ ಬಿಡಲೊಲ್ಲದು ಎಂಬುದನ್ನು ಗಮನಿಸಬೇಕು. ಮುಂದೆ ಹೇಳುವ ಎಲ್ಲ ಸಲಹೆಗಳೂ ಇದೊಂದನ್ನು ಕಂಡುಕೊಳ್ಳುವುದಕ್ಕಾಗಿಯೇ ಇವೆ. ಇದಕ್ಕೆ ಒಂದು ದಿನ ಸಾಲದು. ನವೆಂಬರ್ ಕೊನೆಯಿಂದ ಜನವರಿ 6ರವರೆಗೆ, ಎಂದರೆ ಸುಮಾರು ಆರು ವಾರ, ಅಲ್ಲೊಂದು ಇಲ್ಲೊಂದು ಸಂಜೆಯನ್ನು ಮೀಸಲಿಡಬೇಕಾಗುತ್ತದೆ.

ಪ್ರಶ್ನೆಯೊಳಗಿನ ಊಹೆಯನ್ನು ಮೊದಲು ಪರೀಕ್ಷಿಸಿ

‘ಇಂದಿಗೂ ಉಳಿದಿದೆಯೇ’ ಎಂದು ಕೇಳಿದೊಡನೆ, ಹಿಂದೊಮ್ಮೆ ಈ ಹಬ್ಬ ಅಪ್ಪಟ ಭಕ್ತಿಯದಾಗಿತ್ತು, ಆಮೇಲೆ ಕೆಟ್ಟಿತು ಎಂದು ನಾವು ಒಪ್ಪಿಕೊಂಡಂತಾಗುತ್ತದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಯೇಸು ಹುಟ್ಟಿದ ದಿನಾಂಕ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಡಿಸೆಂಬರ್ 25ರಂದು ಜನನವನ್ನು ಗುರುತಿಸುವ ಅತ್ಯಂತ ಹಳೆಯ ಖಚಿತ ದಾಖಲೆ ಕ್ರಿ.ಶ. 354ರಲ್ಲಿ ರೋಮ್‌ನಲ್ಲಿ ಸಿದ್ಧವಾದ ಒಂದು ಪಂಚಾಂಗದಲ್ಲಿದೆ. ಅದರೊಳಗಿನ ಪಟ್ಟಿ 336ರಷ್ಟು ಹಿಂದಿನದೆಂದು ವಿದ್ವಾಂಸರು ಎಣಿಸುತ್ತಾರೆ. ಮೊದಲ ಮೂರು ಶತಮಾನಗಳ ಕ್ರೈಸ್ತರಿಗೆ ಮುಖ್ಯವಾಗಿದ್ದದ್ದು ಈಸ್ಟರ್. ಆ ದಿನವನ್ನೇ ಏಕೆ ಆರಿಸಿಕೊಂಡರು ಎಂಬುದಕ್ಕೆ ಎರಡು ವಾದಗಳಿವೆ: ಚಕ್ರವರ್ತಿ ಔರೇಲಿಯನ್ 274ರಲ್ಲಿ ಪ್ರತಿಷ್ಠಾಪಿಸಿದ ಅಜೇಯ ಸೂರ್ಯನ ಆರಾಧನೆಗೆ ಎದುರಾಗಿ ಇದನ್ನು ಇಟ್ಟರು ಎನ್ನುವುದು ಒಂದು, ಮಾರ್ಚ್ 25ರಂದು ಗರ್ಭಧಾರಣೆಯಾಯಿತೆಂದು ನಂಬಿ ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎನ್ನುವುದು ಇನ್ನೊಂದು. ಆರ್ಮೇನಿಯದ ಸಭೆಯವರು ಇಂದಿಗೂ ಜನವರಿ 6ರಂದೇ ಜನನವನ್ನು ಆಚರಿಸುತ್ತಾರೆ.

ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಕ್ರಿಸ್‌ಮಸ್ಸನ್ನು ಕಾನೂನಿನಿಂದ ನಿಲ್ಲಿಸಿದವರಲ್ಲಿ ಅತಿ ಭಕ್ತಿಯ ಕ್ರೈಸ್ತರೇ ಇದ್ದರು. ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟು 1647ರಲ್ಲಿ ಈ ಹಬ್ಬವನ್ನು ರದ್ದುಮಾಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವಿತ್ತು. ಕುಡಿತ, ಜೂಜು, ಗದ್ದಲ ಇವುಗಳೇ ಹಬ್ಬವಾಗಿಬಿಟ್ಟಿವೆ, ಬೈಬಲಿನಲ್ಲಿಯೂ ಇದಕ್ಕೆ ಆಧಾರವಿಲ್ಲ ಎಂಬುದು ಅವರ ದೂರಾಗಿತ್ತು. ಸ್ಕಾಟ್ಲೆಂಡಿನಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಆದ್ದರಿಂದ ‘ಈಗಿನ ಕಾಲದಲ್ಲಿ ಹಬ್ಬ ಹಾಳಾಯಿತು’ ಎಂದು ಯಾರಾದರೂ ಹೇಳಿದರೆ, ಈ ಗೊಣಗಾಟಕ್ಕೆ ಕನಿಷ್ಠ ಮುನ್ನೂರೈವತ್ತು ವರ್ಷಗಳ ವಯಸ್ಸಾಗಿದೆ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಹೋಗಿ. ಭಕ್ತಿಯೂ ಗದ್ದಲವೂ ಈ ಹಬ್ಬದಲ್ಲಿ ಹಳೆಯ ನೆರೆಹೊರೆಯವರು. ಇಂದು, ನಮ್ಮ ಊರಿನಲ್ಲಿ, ಇವೆರಡೂ ಯಾವ ಪ್ರಮಾಣದಲ್ಲಿ ಕೂಡಿವೆ ಎಂಬುದಷ್ಟೇ ನೋಡಬೇಕಾದ ವಿಷಯ.

ನಾಲ್ಕು ಅಧ್ಯಾಯ ಓದಿಕೊಂಡು ಹೋಗಿ

ದೇವಾಲಯಕ್ಕೆ ಹೋಗುವ ಮುನ್ನ ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳನ್ನೂ ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳನ್ನೂ ಕನ್ನಡದಲ್ಲಿ ಓದಿ. ಒಂದು ಗಂಟೆ ಸಾಕು. ಜನನದ ಕಥೆ ಇರುವುದು ಈ ಎರಡರಲ್ಲಿ ಮಾತ್ರ. ಮಾರ್ಕ ಮತ್ತು ಯೋಹಾನರು ಅದನ್ನು ಹೇಳುವುದೇ ಇಲ್ಲ. ಓದುವಾಗ ಒಂದು ಹಾಳೆಯ ಮೇಲೆ ಏನಿದೆ, ಏನಿಲ್ಲ ಎಂದು ಗುರುತು ಹಾಕಿಕೊಳ್ಳಿ. ಮೂಡಣ ದೇಶದ ಜೋಯಿಸರು ಮತ್ತಾಯನಲ್ಲಿ ಬರುತ್ತಾರೆ, ಆದರೆ ಅವರು ಮೂವರೆಂದು ಅವನು ಹೇಳಿಲ್ಲ. ಕುರುಬರು ಲೂಕನಲ್ಲಿ ಬರುತ್ತಾರೆ, ಜೋಯಿಸರು ಅಲ್ಲಿಲ್ಲ. ಗೋದಲಿ ಇದೆ, ಅದರ ಪಕ್ಕದಲ್ಲಿ ಎತ್ತು, ಕತ್ತೆ ಇದ್ದವೆಂದು ಎರಡೂ ಕಡೆ ಇಲ್ಲ. ಹಿಮವಂತೂ ಇಲ್ಲವೇ ಇಲ್ಲ. ಮರವಿಲ್ಲ. ಕೆಂಪು ಬಟ್ಟೆಯ ಸಾಂಟಾ ಕ್ಲಾಸ್ ಇಲ್ಲ. ಅವನ ಮೂಲದಲ್ಲಿರುವ ಸಂತ ನಿಕೋಲಸ್ ಇಂದಿನ ತುರ್ಕಿಯ ಮೈರಾ ಊರಿನಲ್ಲಿ ನಾಲ್ಕನೆಯ ಶತಮಾನದಲ್ಲಿದ್ದ ಬಿಷಪ್.

ಈ ಹಾಳೆಯಿಂದ ಎರಡು ಪ್ರಯೋಜನಗಳಿವೆ. ಬೈಬಲಿನಲ್ಲಿಲ್ಲದ ವಸ್ತುವೆಲ್ಲ ಲೌಕಿಕ ಎಂದು ಅವಸರದಲ್ಲಿ ತಳ್ಳಿಹಾಕುವುದನ್ನು ಇದು ತಡೆಯುತ್ತದೆ: ಗೋದಲಿಯ ದೃಶ್ಯವನ್ನು ಎತ್ತು ಕತ್ತೆಗಳೊಡನೆ ಕಟ್ಟಿ ತೋರಿಸಿದ್ದು ಅಸ್ಸಿಸಿಯ ಫ್ರಾನ್ಸಿಸ್, ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ, 1223ರಲ್ಲಿ, ಅದೂ ಓದುಬರಹ ಬಾರದ ಹಳ್ಳಿಗರಿಗೆ ಕಥೆ ಕಣ್ಣಿಗೆ ಕಟ್ಟಲೆಂದು. ಹಾಗೆಯೇ, ಕಥೆಯ ನಿಜವಾದ ಮೊನೆ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಲೂಕನ ಮೊದಲ ಅಧ್ಯಾಯದಲ್ಲಿ ಮರಿಯಳು ಹಾಡುವ ಸ್ತುತಿಯಲ್ಲಿ ಬಲಿಷ್ಠರು ಸಿಂಹಾಸನದಿಂದ ಕೆಳಗಿಳಿಯುತ್ತಾರೆ, ಹಸಿದವರು ತೃಪ್ತರಾಗುತ್ತಾರೆ, ಐಶ್ವರ್ಯವಂತರು ಬರಿಗೈಯಲ್ಲಿ ಹೋಗುತ್ತಾರೆ. ಮತ್ತಾಯನ ಎರಡನೆಯ ಅಧ್ಯಾಯ ಮಕ್ಕಳ ಕೊಲೆ ಮತ್ತು ರಾತ್ರೋರಾತ್ರಿ ಐಗುಪ್ತಕ್ಕೆ ಓಡಿಹೋದ ಕುಟುಂಬದ ಕಥೆ. ದೇವಾಲಯದಲ್ಲಿ ನೀವು ಕೇಳಲಿರುವ ಪ್ರಸಂಗದಲ್ಲಿ, ಎಂದರೆ ಉಪದೇಶದಲ್ಲಿ, ಈ ಕಹಿ ಭಾಗ ಬರುತ್ತದೆಯೇ, ಅಥವಾ ಮುದ್ದಾದ ಶಿಶುವಿನ ಬಳಿಯೇ ಮಾತು ನಿಂತುಬಿಡುತ್ತದೆಯೇ ಎಂಬುದನ್ನು ಗಮನಿಸಿ. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಒರೆಗಲ್ಲು.

ಎಲ್ಲಿಗೆ ಹೋಗಬೇಕು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87. ಅಂಗಡಿ ಬೀದಿಯಲ್ಲಿ ಕಾಣುವ ಕ್ರಿಸ್‌ಮಸ್ಸಿಗೂ ಈ ಸಂಖ್ಯೆಗೂ ತಾಳೆಯಿಲ್ಲ. ಅಂಗಡಿಯ ಗಿರಾಕಿಗಳಲ್ಲಿ ಬಹುಪಾಲು ಜನ ಬೇರೆ ಧರ್ಮದವರು. ಹಾಗಾಗಿ ದೀಪದ ಸಾಲನ್ನು ನೋಡಿ ‘ಕ್ರೈಸ್ತರಲ್ಲಿ ಭಕ್ತಿ ಕಡಿಮೆಯಾಯಿತು’ ಎನ್ನುವುದು, ತಾವು ಹಚ್ಚದ ದೀಪಕ್ಕೆ ಅವರನ್ನು ಹೊಣೆಮಾಡಿದಂತೆ. ಹಬ್ಬದ ಒಳಗಿರುವವರನ್ನು ನೋಡಬೇಕಾದರೆ ಅವರಲ್ಲಿಗೇ ಹೋಗಬೇಕು, ಹೋಗುವ ಮುನ್ನ ನಮ್ಮ ಭಾಗದ ಸಭೆಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರಬೇಕು.

ಇಲ್ಲಿಯ ಕನ್ನಡ ಪ್ರಾಟೆಸ್ಟಂಟ್ ಸಭೆಗಳ ಬೇರು ಸ್ವಿಟ್ಜರ್ಲೆಂಡಿನ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ನಿನಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗದ ಬೆಟಗೇರಿಯಲ್ಲಿ ತನ್ನ ಠಾಣೆಗಳನ್ನು ತೆರೆಯಿತು. ಅದನ್ನು ನಡೆಸಿದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ಪಯಟಿಸ್ಟ್ ಪಂಥದವರು. ಆಡಂಬರಕ್ಕಿಂತ ಪಶ್ಚಾತ್ತಾಪ, ದಿನನಿತ್ಯದ ಬೈಬಲ್ ವಾಚನ ಮತ್ತು ಮನೆಪ್ರಾರ್ಥನೆ ಹೆಚ್ಚು ಎಂದು ನಂಬಿದವರು. ಅದೇ ಜರ್ಮನ್ ಸೀಮೆ ಕ್ರಿಸ್‌ಮಸ್ ಮರದ ತವರೂ ಹೌದು. ಹೀಗೆ ನಮ್ಮ ಭಾಗಕ್ಕೆ ಹಬ್ಬ ಬಂದದ್ದೇ ಒಂದು ಕೈಯಲ್ಲಿ ಬೈಬಲು, ಇನ್ನೊಂದು ಕೈಯಲ್ಲಿ ಮರ ಹಿಡಿದುಕೊಂಡು. ಮುಂದೆ ನಿಘಂಟಿನಿಂದ ಹೆಸರಾದ ಫರ್ಡಿನಾಂಡ್ ಕಿಟ್ಟೆಲ್ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲಿ ಬರೆದು 1862ರಲ್ಲಿ ‘ಕಥಾಮಾಲೆ’ಯೆಂದು ಪ್ರಕಟಿಸಿದರು, ಹುಟ್ಟಿನ ಕಥೆಯನ್ನು ಕನ್ನಡದ ಧಾಟಿಯಲ್ಲಿ ಹಾಡುವ ಆಸೆ ಇಲ್ಲಿ ಅಷ್ಟು ಹಳೆಯದು. ಬಾಸೆಲ್ ಮಿಶನ್ನಿನ ಈ ಸಭೆಗಳು ಈಗ ದಕ್ಷಿಣ ಭಾರತ ಸಭೆಗೆ (ಸಿಎಸ್‌ಐ) ಸೇರಿವೆ, ಆ ಸಭೆಯ ಉತ್ತರ ಕರ್ನಾಟಕ ಪ್ರಾಂತದ ಕೇಂದ್ರ ಧಾರವಾಡದಲ್ಲಿದೆ. ಕ್ಯಾಥೊಲಿಕರು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಹುಬ್ಬಳ್ಳಿಯಲ್ಲಿ ರೈಲ್ವೆಯ ಕೆಲಸಕ್ಕೆಂದು ಬಂದು ನೆಲೆನಿಂತ ತಮಿಳು, ತೆಲುಗು, ಕೊಂಕಣಿ ಮಾತಿನ ಕುಟುಂಬಗಳಿಂದಾಗಿ ಕೇಶ್ವಾಪುರ ಮತ್ತು ರೈಲ್ವೆ ಕಾಲೊನಿಗಳ ಆಸುಪಾಸಿನ ಹಬ್ಬಕ್ಕೆ ಬೇರೆಯೇ ಬಣ್ಣವಿದೆ. ಇವರೊಡನೆ ಪೆಂತೆಕೊಸ್ತ್ ಮತ್ತು ಸ್ವತಂತ್ರ ಸಭೆಗಳು ಬಾಡಿಗೆ ಹಾಲ್‌ಗಳಲ್ಲಿಯೂ ಮನೆಗಳಲ್ಲಿಯೂ ಸೇರುತ್ತವೆ.

ಕನಿಷ್ಠ ಮೂರು ಬಗೆಯ ಕಡೆ ಹೋಗಿ ನೋಡುವುದು ಒಳ್ಳೆಯದು: ನಗರದ ಹಳೆಯ ಕನ್ನಡ ಸಭೆಯೊಂದು, ಕ್ಯಾಥೊಲಿಕ್ ದೇವಾಲಯವೊಂದು, ಮತ್ತು ಗದಗ ಅಥವಾ ಹಾವೇರಿ ಕಡೆಯ ಹಳ್ಳಿಯ ಚಿಕ್ಕ ಸಭೆಯೊಂದು. ಮೂರನೆಯದನ್ನು ಬಿಡಬೇಡಿ. ನಗರದಲ್ಲಿ ಕಂಡ ಹಬ್ಬವೇ ಎಲ್ಲ ಕಡೆಯ ಹಬ್ಬ ಎಂಬ ಭ್ರಮೆ ಅಲ್ಲಿ ಬೇಗ ಕರಗುತ್ತದೆ: ಮೈಕು, ಮರ, ಸಾಂಟಾ ಯಾವುದೂ ಇಲ್ಲದೆ, ಚಾಪೆಯ ಮೇಲೆ ಕುಳಿತ ನಲವತ್ತೈವತ್ತು ಜನರ ನಡುವೆ ಆರಾಧನೆ ನಡೆದಿರುತ್ತದೆ.

ಯಾವಾಗ, ಏನನ್ನು ನೋಡಬೇಕು

ಅಂಗಡಿಯ ಕ್ರಿಸ್‌ಮಸ್ ಡಿಸೆಂಬರ್ ಮೊದಲ ವಾರದಲ್ಲಿ ಶುರುವಾಗಿ 25ರ ರಾತ್ರಿ ಮುಗಿಯುತ್ತದೆ. ದೇವಾಲಯದ ಲೆಕ್ಕ ಬೇರೆ. ಹಬ್ಬಕ್ಕೆ ಹಿಂದಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಅದು ಕಾಯುವ ಕಾಲವೇ ಹೊರತು ಸಂಭ್ರಮದ ಕಾಲವಲ್ಲ. ಕ್ಯಾಥೊಲಿಕ್ ದೇವಾಲಯದಲ್ಲಿ ಪಾದ್ರಿಗಳು ನೇರಳೆ ಬಣ್ಣದ ಉಡುಪು ಧರಿಸುತ್ತಾರೆ, ಯೆಶಾಯನ ಪ್ರವಾದನೆಗಳನ್ನು ಓದುತ್ತಾರೆ. ಸಂಭ್ರಮ ಶುರುವಾಗುವುದು 24ರ ರಾತ್ರಿಯಿಂದ, ಮುಂದುವರಿಯುವುದು ಜೋಯಿಸರು ಶಿಶುವನ್ನು ಕಂಡದ್ದನ್ನು ನೆನೆಯುವ ಜನವರಿ 6ರ ಪ್ರಕಟಣೆಯ ಹಬ್ಬದವರೆಗೆ. ಆದ್ದರಿಂದ ನಿಮ್ಮ ಮೊದಲ ಭೇಟಿಯನ್ನು ಆಗಮನ ಕಾಲದ ಒಂದು ಸಾಮಾನ್ಯ ಭಾನುವಾರ ಇಟ್ಟುಕೊಳ್ಳಿ. ಅಂದು ಕೇಕು ಇರುವುದಿಲ್ಲ, ಹೊಸ ಬಟ್ಟೆ ಇರುವುದಿಲ್ಲ. ಅಂದು ಬಂದವರು ಯಾರು, ಎಷ್ಟು ವಯಸ್ಸಿನವರು, ಕೊನೆಯವರೆಗೂ ಕುಳಿತರೇ ಎಂಬುದನ್ನು ಬರೆದುಕೊಂಡರೆ, 25ರ ಜನಸಂದಣಿಯನ್ನು ಹೋಲಿಸಲು ನಿಮ್ಮ ಬಳಿ ಒಂದು ಆಧಾರ ಇರುತ್ತದೆ.

ಡಿಸೆಂಬರ್ ಎರಡನೆಯ, ಮೂರನೆಯ ವಾರಗಳಲ್ಲಿ ಕ್ಯಾರಲ್ಸ್ (ಕ್ರಿಸ್‌ಮಸ್ ಹಾಡು) ಹಾಡುವ ತಂಡಗಳು ರಾತ್ರಿ ಮನೆಮನೆಗೆ ಹೋಗುತ್ತವೆ. ನನಗೆ ಕೇಳಿದರೆ, ಇಡೀ ಹಬ್ಬದಲ್ಲಿ ನೋಡಲೇಬೇಕಾದದ್ದು ಇದು. ಗಿಟಾರು, ಢೋಲಕ್ಕು, ಕೆಲವೊಮ್ಮೆ ಹಾರ್ಮೋನಿಯಂ ಹಿಡಿದ ಯುವಕ ಯುವತಿಯರು, ಅವರ ನಡುವೆ ಬೆವರುತ್ತ ಕುಣಿಯುವ ಸಾಂಟಾ ವೇಷದ ಹುಡುಗ, ಹಿಂದೆ ಶಾಲು ಹೊದ್ದ ಸಭಾಪಾಲಕರು (ಪಾಸ್ಟರ್). ಬೀದಿಯಿಂದ ನೋಡಿದವರಿಗೆ ಗದ್ದಲವೇ ಕಾಣುತ್ತದೆ. ಯಾರಾದರೂ ಕರೆದರೆ ಒಳಗೆ ಹೋಗಿ ನೋಡಿ: ಎರಡು ಹಾಡು ಮುಗಿದ ಮೇಲೆ ಸದ್ದು ನಿಲ್ಲುತ್ತದೆ, ಯಾರೋ ಲೂಕನಿಂದ ನಾಲ್ಕು ವಾಕ್ಯ ಓದುತ್ತಾರೆ, ಸಭಾಪಾಲಕರು ಆ ಮನೆಯ ಕಾಯಿಲೆ, ಪರೀಕ್ಷೆ, ಕೆಲಸ, ಮದುವೆಗಳ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ, ಮನೆಯವರು ಕಾಣಿಕೆ ಕೊಡುತ್ತಾರೆ, ಚಹಾ ಬರುತ್ತದೆ. ಒಂದೇ ರಾತ್ರಿ ಹತ್ತಾರು ಮನೆ ಮುಗಿಸಬೇಕಾದ ತಂಡ ಅವಸರಕ್ಕೆ ಬಿದ್ದಾಗ ಏನನ್ನು ಮೊಟಕುಗೊಳಿಸುತ್ತದೆ ಎಂದು ನೋಡಿ. ಹಾಡನ್ನು ಒಂದಕ್ಕೆ ಇಳಿಸಿ ಪ್ರಾರ್ಥನೆಯನ್ನು ಉಳಿಸಿಕೊಂಡರೇ, ಅಥವಾ ಪ್ರಾರ್ಥನೆಯನ್ನು ಎರಡು ಮಾತಿಗೆ ಇಳಿಸಿ ಹಾಡಿಗೇ ಸಮಯ ಕೊಟ್ಟರೇ? ಕಳೆದ ವರ್ಷ ಸಾವಾದ ಮನೆಗೆ ಹೋದಾಗ ಸಾಂಟಾ ವೇಷದವನು ಒಳಗೆ ಬರುತ್ತಾನೆಯೇ, ಹೊರಗೇ ನಿಲ್ಲುತ್ತಾನೆಯೇ? ಇಂಥ ಚಿಕ್ಕ ನಿರ್ಧಾರಗಳಲ್ಲಿ ಸಿಗುವ ಉತ್ತರ ಪ್ರಶ್ನಾವಳಿಗಳಲ್ಲಿ ಸಿಗುವುದಿಲ್ಲ.

24ರ ರಾತ್ರಿ ಕ್ಯಾಥೊಲಿಕ್ ದೇವಾಲಯದ ಬಲಿಪೂಜೆಗೆ, 25ರ ಬೆಳಿಗ್ಗೆ ದಕ್ಷಿಣ ಭಾರತ ಸಭೆಯ ಆರಾಧನೆಗೆ ಹೋದರೆ ಎರಡನ್ನೂ ನೋಡಿದಂತಾಗುತ್ತದೆ. ಸಮಯ ಪ್ರತಿ ದೇವಾಲಯದಲ್ಲಿಯೂ ಬೇರೆಯಾಗಿರುವುದರಿಂದ ಹಿಂದಿನ ಭಾನುವಾರವೇ ಫಲಕ ನೋಡಿಕೊಳ್ಳಿ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಲ್ಯಾಟಿನ್ ಬದಲು ಜನರ ಮಾತಿನಲ್ಲಿ ಪೂಜೆ ನಡೆಯಲು ಅವಕಾಶವಾದ್ದರಿಂದ ಕನ್ನಡ ಬಲ್ಲ ಯಾರಿಗೂ ಅದು ಅರ್ಥವಾಗುತ್ತದೆ.

ಆಮೇಲಿನ ದಿನಗಳನ್ನು ಬಹಳ ಜನ ಮರೆತುಬಿಡುತ್ತಾರೆ. 31ರ ರಾತ್ರಿ ನಮ್ಮ ಭಾಗದ ಪ್ರಾಟೆಸ್ಟಂಟ್ ದೇವಾಲಯಗಳಲ್ಲಿ ವರ್ಷದ ಕೊನೆಯ ಆರಾಧನೆ ನಡೆಯುತ್ತದೆ. ಹೊರಗೆ ಊರೆಲ್ಲ ಪಟಾಕಿ ಹಚ್ಚುತ್ತಿರುವಾಗ ಒಳಗೆ ಕುಟುಂಬಗಳು ಮೊಣಕಾಲೂರಿ ಹೊಸ ವರ್ಷವನ್ನು ಪ್ರವೇಶಿಸುತ್ತವೆ. ಅಂದು ಹದಿಹರೆಯದವರು ಎಷ್ಟು ಮಂದಿ ಬಂದಿದ್ದಾರೆ ಎಂಬುದನ್ನು ಗಮನಿಸಿ, ಏಕೆಂದರೆ ಅವರನ್ನು ಹೊರಗೆ ಸೆಳೆಯುವ ಪೈಪೋಟಿ ಅಂದಿನಷ್ಟು ಬೇರೆ ಯಾವ ದಿನವೂ ಇರುವುದಿಲ್ಲ.

ದೇವಾಲಯದಲ್ಲಿ ನಡೆದುಕೊಳ್ಳುವ ರೀತಿ

ಮೊದಲೇ ಸಭಾಪಾಲಕರನ್ನೋ ಫಾದರ್ ಅವರನ್ನೋ ಕಂಡು, ನೀವು ಯಾರು, ಏತಕ್ಕೆ ಬರುತ್ತಿದ್ದೀರಿ ಎಂದು ಹೇಳಿಕೊಳ್ಳಿ. ಇದು ಶಿಷ್ಟಾಚಾರಕ್ಕಷ್ಟೇ ಹೇಳುವ ಮಾತಲ್ಲ. ಅಪರಿಚಿತನೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತು ಏನನ್ನೋ ಬರೆದುಕೊಳ್ಳುತ್ತಿದ್ದರೆ, ಫೋಟೊ ತೆಗೆಯುತ್ತಿದ್ದರೆ, ಈಗಿನ ದಿನಗಳಲ್ಲಿ ಸಭೆಯವರಿಗೆ ಆತಂಕವಾಗುವುದು ಸಹಜ, ವಿಶೇಷವಾಗಿ ಹಳ್ಳಿಗಳಲ್ಲಿ. ಆರಾಧನೆಯ ನಡುವೆ ಫೋಟೊ, ವಿಡಿಯೊ ಬೇಡ. ಬರೆಯುವುದನ್ನು ಮನೆಗೆ ಬಂದು ಬರೆಯಿರಿ. ಚಪ್ಪಲಿ ಹೊರಗೆ ಬಿಡುವ ರೂಢಿ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ; ಮುಂದಿನವರನ್ನು ನೋಡಿ ಹಾಗೆಯೇ ಮಾಡಿ. ಎಲ್ಲರೂ ಎದ್ದಾಗ ಎದ್ದು ನಿಂತರೆ ಸಾಕು. ರೊಟ್ಟಿ ಮತ್ತು ದ್ರಾಕ್ಷಾರಸದ ಪವಿತ್ರ ಭೋಜನಕ್ಕೆ ಮಾತ್ರ ಹೋಗಬಾರದು: ಕ್ಯಾಥೊಲಿಕರಲ್ಲಿ ಅದು ಕ್ಯಾಥೊಲಿಕರಿಗೆ, ದಕ್ಷಿಣ ಭಾರತ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಸದಸ್ಯರಿಗೆ ಮೀಸಲು. ಕುಳಿತಲ್ಲಿಯೇ ಕುಳಿತಿರುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಕಣ್ಣು ತೆರೆದಿರಲಿ. ಸಾಲಿನಲ್ಲಿ ಹೋಗುವವರ ಮುಖಗಳಿಗೂ, ಹತ್ತು ನಿಮಿಷದ ನಂತರ ಅಂಗಳದಲ್ಲಿ ಕೇಕು ಹಂಚುವಾಗಿನ ಅವೇ ಮುಖಗಳಿಗೂ ಇರುವ ವ್ಯತ್ಯಾಸ ನಿಮಗೆ ಬೇಕಾದದ್ದು.

ಕೇಳುವ ಬಗೆ

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅಲ್ಲಿಯ ಹತ್ತರಲ್ಲಿ ಒಂಬತ್ತು ಜನ ಕ್ರಿಸ್‌ಮಸ್ ಆಚರಿಸುತ್ತೇವೆಂದರು; ಅದನ್ನು ಮುಖ್ಯವಾಗಿ ಧಾರ್ಮಿಕ ಹಬ್ಬವೆಂದು ಆಚರಿಸುತ್ತೇವೆ ಎಂದವರು ಶೇ 46, 2013ರಲ್ಲಿ ಹಾಗೆಂದವರು ಶೇ 51. ಈ ಅಂಕಿಗಳನ್ನು ಇಲ್ಲಿಗೆ ಎತ್ತಿಕೊಂಡು ಬರುವ ಲೇಖನಗಳು ಪ್ರತಿವರ್ಷ ಕಾಣುತ್ತವೆ. ಅವು ಅಮೆರಿಕದ ಬಗ್ಗೆ ಹೇಳುವುದು ನಿಜ. ನಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಧಾರ್ಮಿಕವೋ, ಸಾಂಸ್ಕೃತಿಕವೋ’ ಎಂದು ಎರಡು ಬುಟ್ಟಿ ಮುಂದಿಟ್ಟು ಧಾರವಾಡದ ಒಬ್ಬ ತಾಯಿಯನ್ನು ಕೇಳಿದರೆ ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸೀತು. ಅದೇ ಕೈ ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ ಕರಿಯುತ್ತದೆ, ಅದೇ ಕೈ ನೆರೆಯ ಲಿಂಗಾಯತರ, ಮುಸಲ್ಮಾನರ ಮನೆಗಳಿಗೆ ತಟ್ಟೆ ಕಳಿಸುತ್ತದೆ, ಅದೇ ಕೈ ರಾತ್ರಿ ಪ್ರಾರ್ಥನೆಗೆ ಜೋಡಿಸಿಕೊಳ್ಳುತ್ತದೆ. ದೀಪಾವಳಿಯ ಆಕಾಶಬುಟ್ಟಿ ಇಳಿದ ಓಣಿಯಲ್ಲಿಯೇ ಆಕೆಯ ಮನೆಯ ಕಾಗದದ ನಕ್ಷತ್ರ ಏರುತ್ತದೆ.

ಆದ್ದರಿಂದ ನಂಬಿಕೆಯ ಬಗ್ಗೆ ಕೇಳುವುದನ್ನು ಬಿಟ್ಟು ನಡೆದದ್ದನ್ನು ಕೇಳಿ. ಕೊರೋನಾದ ವರ್ಷ, 2020ರಲ್ಲಿ, ನಿಮ್ಮ ಮನೆಯಲ್ಲಿ ಹಬ್ಬ ಹೇಗೆ ನಡೆಯಿತು? ಕೈ ಬಿಗಿಯಾದ ವರ್ಷ ಯಾವುದನ್ನು ತಂದಿರಿ, ಯಾವುದನ್ನು ತರಲಿಲ್ಲ? ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗನಿಗೆ ರಜೆ ಸಿಗದಿದ್ದರೆ ಅವನು ಅಲ್ಲಿ ದೇವಾಲಯಕ್ಕೆ ಹೋಗುತ್ತಾನೆಯೇ, ಅಥವಾ ಹಬ್ಬವೆಂದರೆ ಅವನಿಗೆ ಈ ಮನೆಯೇ? ಆಗಮನ ಕಾಲದಲ್ಲಿ ಮನೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಕಾಣಿಕೆಯಾಗಿ ಕೂಡಿದ ಹಣ ಈ ವರ್ಷ ಎಲ್ಲಿಗೆ ಹೋಯಿತು? ಮನೆಪ್ರಾರ್ಥನೆಯ ಹಳೆಯ ರೂಢಿ ನಿಮ್ಮಲ್ಲಿ ಯಾರ ತಲೆಮಾರಿನವರೆಗೆ ಉಳಿದಿದೆ? ಇಂಥ ಪ್ರಶ್ನೆಗಳಿಗೆ ಜನ ಖುಷಿಯಿಂದ, ವಿವರವಾಗಿ ಉತ್ತರಿಸುತ್ತಾರೆ. ಮುದುಕರನ್ನು ಕೇಳುವಾಗ ಒಂದು ಎಚ್ಚರ ಬೇಕು: ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುವ ಮಾತನ್ನು ಗೌರವದಿಂದ ಕೇಳಿಕೊಂಡು, ಅವರ ಕಾಲದ ಹಬ್ಬದ ಖರ್ಚು, ಹೊಸ ಬಟ್ಟೆ, ನಾಟಕಗಳ ವಿವರವನ್ನೂ ಕೇಳಿ. ಆಗಲೂ ಎಲ್ಲವೂ ಇದ್ದದ್ದು ತಾನಾಗಿಯೇ ಹೊರಬರುತ್ತದೆ.

ಹಬ್ಬ ಆಚರಿಸದ ಕ್ರೈಸ್ತರನ್ನೂ ಒಬ್ಬರನ್ನಾದರೂ ಕಾಣಿ. ಯೆಹೋವನ ಸಾಕ್ಷಿಗಳು ಕ್ರಿಸ್‌ಮಸ್ ಆಚರಿಸುವುದಿಲ್ಲ. ಬೈಬಲಿನಲ್ಲಿ ಆಜ್ಞೆಯಿಲ್ಲವೆಂದು ದೂರವಿರುವ ಬೇರೆ ಕೆಲವು ಸಭೆಗಳೂ ಇವೆ. ಅವರ ಮನೆಯ ಮೇಲೆ ನಕ್ಷತ್ರ ಕಾಣದಿರುವುದಕ್ಕೆ ಕಾರಣ ಭಕ್ತಿಯೇ ಆಗಿದ್ದು, ನಕ್ಷತ್ರಗಳನ್ನು ಎಣಿಸಿ ಭಕ್ತಿಯನ್ನು ಅಳೆಯುವವರ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಕ್ರೈಸ್ತರಲ್ಲದವರ ಕ್ರಿಸ್‌ಮಸ್

ಧರ್ಮದ ಸೋಂಕಿಲ್ಲದ ಕ್ರಿಸ್‌ಮಸ್ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಜಪಾನನ್ನು ನೋಡಬೇಕು. ಅಲ್ಲಿ ಕ್ರೈಸ್ತರು ಶೇ 1ರ ಆಸುಪಾಸು. ಆದರೂ 1970ರ ದಶಕದಲ್ಲಿ ಶುರುವಾದ ಜಾಹೀರಾತಿನ ಫಲವಾಗಿ ಅಂದು ಕೆಎಫ್‌ಸಿಯ ಕೋಳಿ ತಿನ್ನುವುದೇ ಲಕ್ಷಾಂತರ ಕುಟುಂಬಗಳ ಪದ್ಧತಿಯಾಗಿದೆ. ಹುಬ್ಬಳ್ಳಿಯ ಮಾಲ್‌ನ ಮರ ಈ ಜಾತಿಯದು. ಆದರೆ 25ರ ಸಂಜೆ ದೇವಾಲಯಗಳ ಅಂಗಳದಲ್ಲಿ ಗೋದಲಿ ನೋಡಲು ಬರುವ ಹಿಂದೂ, ಮುಸ್ಲಿಂ ಕುಟುಂಬಗಳನ್ನು ಇದೇ ಪಟ್ಟಿಗೆ ಸೇರಿಸುವ ಮುನ್ನ ಒಂದು ಗಳಿಗೆ ನಿಂತು ನೋಡಿ. ಮಕ್ಕಳನ್ನು ಎತ್ತಿ ತೋರಿಸಿ, ಸೆಲ್ಫಿ ತೆಗೆದು ಹೋಗುವವರು ಇದ್ದಾರೆ. ಮೇಣದ ಬತ್ತಿ ಹಚ್ಚಿ, ಚಪ್ಪಲಿ ಬಿಟ್ಟು, ಕಣ್ಣುಮುಚ್ಚಿ ಏನನ್ನೋ ಬೇಡಿಕೊಂಡು ಹೋಗುವವರೂ ಇದ್ದಾರೆ. ಸಿದ್ಧಾರೂಢ ಮಠದ ಶಿವರಾತ್ರಿ ತೇರಿಗೆ ಬಂದವನು ಮಿರ್ಚಿ ಭಜಿ ತಿಂದು, ಮಕ್ಕಳಿಗೆ ಪೀಪಿ ಕೊಡಿಸಿ, ತೇರಿಗೆ ಉತ್ತತ್ತಿ ಎಸೆದು ಕೈಮುಗಿದರೆ, ಅವನ ಭಕ್ತಿಯ ಪಾಲೆಷ್ಟು, ಮೋಜಿನ ಪಾಲೆಷ್ಟು ಎಂದು ನಾವು ತೂಗಲು ಹೋಗುವುದಿಲ್ಲ. ಜಾತ್ರೆಗೆ ಕೊಡುವ ಈ ಔದಾರ್ಯವನ್ನು ಕ್ರಿಸ್‌ಮಸ್ಸಿಗೂ ಕೊಡಬೇಕು. ಶಿಶುನಾಳದ ಶರೀಫರ ಗದ್ದುಗೆಗೆ ನಡೆದುಕೊಳ್ಳುವ ಜನರ ನಾಡಿನಲ್ಲಿ, ಇನ್ನೊಬ್ಬರ ದೇವರ ಮುಂದೆ ಕೈಮುಗಿಯುವುದು ಬರೀ ಮನರಂಜನೆ ಎಂದು ತೀರ್ಮಾನಿಸುವುದು ದುಡುಕಾಗುತ್ತದೆ. ಅದು ಕ್ರೈಸ್ತ ಸಿದ್ಧಾಂತದ ನಂಬಿಕೆಯಲ್ಲ ಎಂಬುದೂ ಅಷ್ಟೇ ನಿಜ. ಇವರಿಗಾಗಿ ನಿಮ್ಮ ಟಿಪ್ಪಣಿಯಲ್ಲಿ ಪ್ರತ್ಯೇಕ ಪುಟವಿರಲಿ.

ಶಾಲೆಗಳ ಕ್ರಿಸ್‌ಮಸ್ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹತ್ತಿಯ ಗಡ್ಡ ಅಂಟಿಸಿಕೊಂಡ ಮಕ್ಕಳ ನೃತ್ಯದಿಂದ ಯಾರ ನಂಬಿಕೆಯ ಬಗ್ಗೆಯೂ ಏನೂ ತಿಳಿಯುವುದಿಲ್ಲ.

ಕಂಡದ್ದನ್ನು ಬರೆದಿಡುವಾಗ

ಜನವರಿ 6 ಕಳೆದ ಮೇಲೆ ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು ಕುಳಿತಾಗ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಉತ್ತರ ಬರೆಯಬೇಡಿ. ಪ್ರತಿಯೊಂದು ಸಭೆಗೂ ಪ್ರತ್ಯೇಕವಾಗಿ, ಏನನ್ನು ಕೈಬಿಟ್ಟಿದ್ದಾರೆ, ಏನನ್ನು ಉಳಿಸಿಕೊಂಡಿದ್ದಾರೆ ಎಂದು ಬರೆಯಿರಿ. ನಗರದ ಸಭೆಗಳಲ್ಲಿ ಆಗಮನ ಕಾಲದ ಸಂಯಮ ಸಡಿಲಾಗಿ, 24, 25 ಮತ್ತು 31ರ ಆರಾಧನೆಗಳು ಗಟ್ಟಿಯಾಗಿ ಉಳಿದಿರುವುದು ಕಂಡೀತು. ಮನೆಪ್ರಾರ್ಥನೆ ಕೆಲವು ಮನೆಗಳಲ್ಲಿ ಅಜ್ಜಿಯೊಂದಿಗೆ ಮುಗಿದಿದ್ದರೆ, ಇನ್ನು ಕೆಲವರಲ್ಲಿ ಊರು ಬಿಟ್ಟ ಮಕ್ಕಳ ಸಲುವಾಗಿ ವಿಡಿಯೊ ಕರೆಯಲ್ಲಿ ಮತ್ತೆ ಶುರುವಾಗಿರಬಹುದು. ಇದು ಕುಸಿತವೋ ರೂಪಾಂತರವೋ ಎಂಬ ಚರ್ಚೆಗೆ ಇಳಿಯುವ ಮೊದಲು ವಿವರಗಳು ಕೈಯಲ್ಲಿರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಹಬ್ಬದ ಲೌಕಿಕ ಭಾಗ ಇಲ್ಲಿ ಬೆಳೆದಿದೆ, ಆದರೆ ಅದು ಬೆಳೆದಿರುವುದು ಬಹುಮಟ್ಟಿಗೆ ದೇವಾಲಯದ ಹೊರಗೆ, ಬೇರೆಯವರ ನಡುವೆ. ಒಳಗಿನ ಜಾಗವನ್ನು ಅದು ಅಷ್ಟಾಗಿ ಕಿತ್ತುಕೊಂಡಿಲ್ಲ. ಹಾಡಿನಲ್ಲಿ, ಪ್ರಸಂಗದಲ್ಲಿ ಗಟ್ಟಿತನ ಕಡಿಮೆಯಾಗಿದೆ ಎಂದು ದೂರುವ ಹಿರಿಯರ ಮಾತಿನಲ್ಲಿ ಹುರುಳಿದೆ. ನೀವು ನೋಡಿದ ಕಡೆ ಬೇರೆ ಕಂಡರೆ ನಿಮ್ಮ ಟಿಪ್ಪಣಿಯನ್ನೇ ನಂಬಿ.

ಕೆಲಸ ಇಲ್ಲಿಗೆ ಪೂರ್ತಿಯಾಗುವುದಿಲ್ಲ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುವ, ಯೇಸುವಿನ ಮರಣವನ್ನು ನೆನೆಯುವ ಶುಭ ಶುಕ್ರವಾರ (ಗುಡ್ ಫ್ರೈಡೆ) ಅದೇ ದೇವಾಲಯಗಳಿಗೆ ಇನ್ನೊಮ್ಮೆ ಹೋಗಿ. ಅಂದು ಮಾರಲು ಅಂಗಡಿಯವರಿಗೆ ಏನೂ ಇರುವುದಿಲ್ಲ. ಕೇಕಿಲ್ಲ, ದೀಪವಿಲ್ಲ, ನೆರೆಯವರಿಗೆ ಕಳಿಸುವ ತಟ್ಟೆಯಿಲ್ಲ. ದಕ್ಷಿಣ ಭಾರತ ಸಭೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಕುರಿತು ಪ್ರಸಂಗಗಳಿರುತ್ತವೆ, ಕ್ಯಾಥೊಲಿಕರಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಮತ್ತು ಉಪವಾಸ. ನಮ್ಮ ಕಡೆಯ ಬಿಸಿಲಿನಲ್ಲಿ ಮೂರು ಗಂಟೆ ಕೂರಬೇಕಾದ್ದರಿಂದ ಒಂದು ಬಾಟಲಿ ನೀರು ಜೊತೆಗಿರಲಿ, ಆದರೆ ಅಕ್ಕಪಕ್ಕದವರು ಉಪವಾಸವಿರುವುದರಿಂದ ಅದನ್ನು ಹೊರಗೆ ಬಂದು ಕುಡಿಯಿರಿ. ಡಿಸೆಂಬರ್ 25ರಂದು ಕಂಡ ಬೆಂಚುಗಳಲ್ಲಿ ಅಂದು ಯಾವುವು ತುಂಬಿವೆ, ಕ್ಯಾರಲ್ಸ್ ತಂಡದ ಹುಡುಗರಲ್ಲಿ ಯಾರು ಬಂದಿದ್ದಾರೆ ಎಂಬುದನ್ನು ಮನೆಗೆ ಬಂದ ಮೇಲೆ ಡಿಸೆಂಬರಿನ ಪುಟದ ಎದುರು ಪುಟದಲ್ಲಿ ಬರೆದುಕೊಳ್ಳಿ.